ನಾಣ್ಯದ ಮೈಮೇಲಿನ ಹಸಿರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವು ಇಂದು ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಬಾಗಳಿ, ಹಿರೇಹಡಗಲಿಗಳ ಕಲ್ಲೇಶ್ವರ ದೇವಾಲಯಗಳು ಈ ನೆಲದ ಹಳಮೆಗೆ ಸಾಕ್ಷಿಗಳಾಗಿ ನಿಂತಿವೆ. ಚಾಲುಕ್ಯರು, ವಿಜಯನಗರದ ಅರಸರು, ಪಾಳೆಯಗಾರರು ಇಲ್ಲಿ ಒಬ್ಬರ ತರುವಾಯ ಒಬ್ಬರು ಆಳಿದರು. ಸಂತೆಗೆ ಹೊರಟವರ ಸೊಂಟದ ಚೀಲದಿಂದ ಜಾರಿ ಬಿದ್ದ ನಾಣ್ಯಗಳೆಷ್ಟೋ! ಕಳ್ಳಕಾಕರ ಭಯದಿಂದ ಕುಡಿಕೆಯಲ್ಲಿಟ್ಟು ಹೂಳಿದವೆಷ್ಟೋ! ನೇಗಿಲ ಮೊನೆಗೋ ಮೊದಲ ಮಳೆಯ ನೀರಿಗೋ ಅಂಥದೊಂದು ಮೇಲೆದ್ದು ಬರುವುದುಂಟು.

1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಇಲ್ಲಿಯ ನಾಣ್ಯಗಳನ್ನು ವರ್ಣಿಸಿದ್ದಾನೆ. ವರಾಹ, ಅದರ ಅರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಹಣ, ಇವು ಚಿನ್ನದವು. ಹಣಕ್ಕೆ ಆರು ಬೆಳ್ಳಿಯ ತಾರಗಳು. ತಾರಕ್ಕೆ ಮೂರು ತಾಮ್ರದ ಜಿತಲಗಳು. ಆಗ ಆಳುತ್ತಿದ್ದವನು ಇಮ್ಮಡಿ ದೇವರಾಯ. ಆನೆಯ ಚಿತ್ರವುಳ್ಳ ತಾಮ್ರದ ನಾಣ್ಯಗಳು ಅವನ ಕಾಲದವು. ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವನ್ನು ಕಾಣಬಹುದು. ಚಿತ್ರ ಮತ್ತು ಅಕ್ಷರಗಳೇ ನಾಣ್ಯದ ಮಾತು.

ಮಣ್ಣಿನಲ್ಲಿ ಶತಮಾನಗಳ ಕಾಲ ಮಲಗಿದ ನಾಣ್ಯವು ಹೇಗಿರುತ್ತದೆ? ಚಿನ್ನವು ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಬೆಳ್ಳಿಯು ಗಂಧಕದ ಸಂಗದಿಂದ ಕಪ್ಪಾಗುತ್ತದೆ. ತಾಮ್ರವು ನೀರು ಮತ್ತು ಗಾಳಿಯೊಡನೆ ಕೂಡಿ ಮೊದಲು ಕೆಂಪು ಆಕ್ಸೈಡಾಗಿ, ಅದರ ಮೇಲೆ ಹಸಿರು ಕಾರ್ಬೊನೇಟಿನ ಪದರವನ್ನು ಹೊದೆಯುತ್ತದೆ. ಇದನ್ನು ಕಂಡವರು ಕೊಳೆಯೆಂದು ಬಗೆಯುತ್ತಾರೆ. ಮನೆಯ ತಾಮ್ರದ ಚೊಂಬನ್ನು ತೊಳೆಯುವಂತೆ ಹುಣಸೆಹಣ್ಣು, ನಿಂಬೆಹಣ್ಣು, ಇಟ್ಟಿಗೆಪುಡಿಗಳಿಂದ ಉಜ್ಜುತ್ತಾರೆ. ನಾಣ್ಯವೇನೋ ಥಳಥಳಿಸುತ್ತದೆ, ಆದರೆ ಆನೆಯೂ ಇಲ್ಲ, ಅಕ್ಷರವೂ ಇಲ್ಲ!

ಇದೇಕೆ ಹೀಗಾಯಿತು? ಸವೆದ ನಾಣ್ಯದಲ್ಲಿ ಮೇಲ್ಮೈಯ ಲೋಹವೇ ಆಕ್ಸೈಡಾಗಿ ಮಾರ್ಪಟ್ಟಿರುತ್ತದೆ. ಅಕ್ಷರಗಳ ಆಕಾರವು ಅನೇಕ ವೇಳೆ ಉಳಿದಿರುವುದು ಆ ತೆಳುವಾದ ಪದರದಲ್ಲಿಯೇ. ಹುಳಿಯು ಆ ಪದರವನ್ನು ಕರಗಿಸಿದರೆ ಅದರೊಡನೆ ಅಕ್ಷರಗಳೂ ಕರಗಿಹೋಗುತ್ತವೆ. ಮತ್ತೆ ಅವನ್ನು ಬರೆಯಬಲ್ಲವರು ಯಾರೂ ಇಲ್ಲ.

ಬಲ್ಲವರ ಕ್ರಮವೇ ಬೇರೆ. ಅವರು ಮೊದಲು ನಾಣ್ಯವನ್ನು ತೂಗಿ, ಛಾಯಾಚಿತ್ರ ತೆಗೆದು, ಸಿಕ್ಕ ಸ್ಥಳವನ್ನು ಬರೆದಿಡುತ್ತಾರೆ. ಬೆರಳಿನ ಬೆವರು ತಾಕದಂತೆ ಅಂಚನ್ನಷ್ಟೇ ಹಿಡಿಯುತ್ತಾರೆ. ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟು, ನೀರನ್ನು ಬದಲಾಯಿಸುತ್ತ ಮಣ್ಣನ್ನು ಮೆತ್ತಗಾಗಿಸುತ್ತಾರೆ. ಬಳಿಕ ಭೂತಗಾಜಿನಡಿಯಲ್ಲಿ ಮೆದುವಾದ ಕುಂಚದಿಂದಲೂ ಮರದ ಸಣ್ಣ ಕಡ್ಡಿಯಿಂದಲೂ ಮಣ್ಣನ್ನು ಮಾತ್ರ ಬಿಡಿಸುತ್ತಾರೆ. ಗಟ್ಟಿಯಾದ ಹಸಿರನ್ನು ಅವರು ಮುಟ್ಟುವುದಿಲ್ಲ. ಕೊನೆಗೆ ಚೆನ್ನಾಗಿ ಒಣಗಿಸಿ, ತೇವವಿಲ್ಲದ ಕಡೆಯಲ್ಲಿ ಇಡುತ್ತಾರೆ. ತಿಳಿಹಸಿರಿನ ಪುಡಿ ಉದುರುತ್ತಿದ್ದರೆ ಮಾತ್ರ ಎಚ್ಚರ ಬೇಕು. ಕ್ಲೋರೈಡು ಮತ್ತು ತೇವ ಸೇರಿ ತಾಮ್ರವನ್ನು ಒಳಗೊಳಗೇ ತಿನ್ನುತ್ತಿರುವುದರ ಗುರುತು ಅದು. ಇದರ ಚಿಕಿತ್ಸೆಯನ್ನು ತಜ್ಞರಿಗೇ ಬಿಡಬೇಕು.

ಸಿಕ್ಕ ಸ್ಥಳಕ್ಕೆ ಅಷ್ಟೊಂದು ಬೆಲೆಯೇಕೆ? ಯಾವ ಊರಿನಲ್ಲಿ, ಯಾವ ಹೊಲದಲ್ಲಿ, ಯಾವ ಪಾತ್ರೆಯಲ್ಲಿ ದೊರೆಯಿತೆಂಬುದು ತಿಳಿದರೆ ಅಂದಿನ ದಾರಿ, ಸಂತೆ, ವ್ಯಾಪಾರಗಳ ಸುಳಿವು ಸಿಗುತ್ತದೆ. ಲೋಹಶೋಧಕ ಯಂತ್ರವನ್ನು ಹಿಡಿದು ನಿಧಿಯಾಸೆಯಿಂದ ಅಗೆಯುವವರು ಈ ಸುಳಿವನ್ನೇ ಅಳಿಸಿಬಿಡುತ್ತಾರೆ. ರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧವೂ ಹೌದು. ನಿಕ್ಷೇಪವನ್ನು ಕುರಿತ ಕಾಯಿದೆಯು ನಮ್ಮ ದೇಶದಲ್ಲಿ 1878ರಷ್ಟು ಹಿಂದೆಯೇ ಬಂದಿತು. ನೆಲದಲ್ಲಿ ನಿಕ್ಷೇಪ ದೊರೆತರೆ ಅದನ್ನು ಸರ್ಕಾರಕ್ಕೆ ತಿಳಿಸುವುದು ನಮ್ಮ ಹೊಣೆ. ಹಾಗೆ ಉಳಿದು ಬಂದ ನಾಣ್ಯಗಳನ್ನು ಹಂಪಿಯ ಬಳಿಯ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ನೀವು ನೋಡಬಹುದು.

ನಾಳೆ ನಿಮ್ಮ ಹೊಲದಲ್ಲಿ ಹಸಿರುಗಟ್ಟಿದ ಬಿಲ್ಲೆಯೊಂದು ಕಂಡೀತು. ಅದನ್ನು ಹೊಳೆಯಿಸುವ ಆತುರ ಬೇಡ. ಹಿರಿಯರಿಗೆ, ಉಪಾಧ್ಯಾಯರಿಗೆ ತೋರಿಸಿರಿ. ಸಿಕ್ಕ ಸ್ಥಳವನ್ನು ಗುರುತಿಟ್ಟುಕೊಳ್ಳಿರಿ. ಆ ಹಸಿರಿನ ಕೆಳಗೆ ನಿಮ್ಮ ಊರಿನ ಚರಿತ್ರೆಯ ಒಂದು ಸಾಲು ಇರಬಹುದು.