ಅಂಚಿನಲ್ಲಿ ಮೊಳೆತ ಅರಸುಮನೆಗಳು

ಬಂಗಾರಪೇಟೆ, ಕೆಜಿಎಫ್ ಸುತ್ತಿನ ಶಾಸನಗಳನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ಒಂದೇ ಸೀಮೆಯ ಕಲ್ಲುಗಳಲ್ಲಿ ಕನ್ನಡವೂ ತಮಿಳೂ ಹೇಗೆ ಬಂದವು? ಗಂಗರ ಹಳೆಯ ರಾಜಧಾನಿ ಕುವಲಾಲಪುರದಲ್ಲೇ, ಅಂದರೆ ಇಂದಿನ ಕೋಲಾರದಲ್ಲಿ, ಕೋಲಾರಮ್ಮನ ಗುಡಿಯಲ್ಲಿರುವುದು ಚೋಳರ ತಮಿಳು ಶಾಸನಗಳು. ಗಡಿನಾಡಲ್ಲವೇ, ಕೈಯಿಂದ ಕೈಗೆ ಹೋಗುತ್ತಿತ್ತು ಎಂದುಬಿಡುವುದು ಸಲೀಸು. ಆ ಉತ್ತರ ಗಡಿಯನ್ನು ರಾಜ್ಯ ಮುಗಿಯುವ ಗೆರೆಯೆಂದು ಭಾವಿಸುತ್ತದೆ. ಆ ಕಾಲದ ಗಡಿ ಗೆರೆಯಲ್ಲ, ಹರವಾದ ನಾಡು. ಹೊಸ ಅಧಿಕಾರ ಹುಟ್ಟುತ್ತಿದ್ದುದೇ ಅಲ್ಲಿ.

ತಾಳಗುಂದದ ಸ್ತಂಭಶಾಸನವನ್ನೇ ನೋಡಿ. ಕದಂಬ ಮಯೂರಶರ್ಮ ಮೊದಲು ಸೋಲಿಸಿದ್ದು ಪಲ್ಲವರ ಗಡಿ ಕಾಯುತ್ತಿದ್ದ ಅಂತಪಾಲರನ್ನು. ಆಮೇಲೆ ಶ್ರೀಪರ್ವತದ ಕಾಡು ಹಿಡಿದು ಬೃಹದ್ಬಾಣರಿಂದ ಕಪ್ಪ ಕಿತ್ತ. ಅವನನ್ನು ಅಡಗಿಸಲಾಗದ ಪಲ್ಲವರು ಕೊನೆಗೆ ಪಡುಗಡಲ ಕಡೆಯ ನಾಡನ್ನು ಅವನಿಗೇ ಒಪ್ಪಿಸಿದರು. ಬಾಣರ ಬಾಳೂ ಇಂಥದ್ದೇ: ದೊಡ್ಡ ಅರಸರ ನಡುವೆ, ಯಾರ ಕೈ ಮೇಲಾದರೆ ಅವರ ಸಾಮಂತರಾಗಿ ಶತಮಾನಗಳ ಕಾಲ ಉಳಿದರು. ಕೆಜಿಎಫ್ ಪಕ್ಕದ ಬೇತಮಂಗಲ ಅವರ ಕಾಲದ ವಿಜಯಾದಿತ್ಯಮಂಗಲ. ಅಲ್ಲಿನ ಕೆರೆ ಒಡೆದಾಗ ಮತ್ತೆ ಕಟ್ಟಿಸಿದವರು ನೊಳಂಬ ಅರಸರು. ಗಡಿಯಲ್ಲಿ ಕತ್ತಿಯಷ್ಟೇ ಸಾಲದು, ಕೆರೆ ಕಟ್ಟಿ ಒಕ್ಕಲನ್ನು ನಿಲ್ಲಿಸಿಕೊಂಡವನೇ ಒಡೆಯ.

ಸುತ್ತಲಿನ ವೀರಗಲ್ಲುಗಳು ಬರೀ ದನಗಳ್ಳರ ಜಗಳ, ಅದರಲ್ಲಿ ರಾಜಕಾರಣ ಎಲ್ಲಿ ಎನ್ನುವವರಿದ್ದಾರೆ. ಆದರೆ ತುರುಗೋಳಿನಲ್ಲಿ ಸತ್ತವನ ಮನೆಗೆ ಕಲ್ನಾಡು, ಬಾಳ್ಗಚ್ಚು ಎಂದು ಭೂಮಿ ಕೊಟ್ಟವರು ನಾಡಾಳುವವರು. ಹಸು ಕಾಯುವುದು ನಾಡು ಕಾಯುವ ಕೆಲಸವೇ ಆಗಿತ್ತೆಂಬುದಕ್ಕೆ ಆ ದತ್ತಿಯೇ ಸಾಕ್ಷಿ.

ಹೆಚ್ಚುಕಡಿಮೆ ಈ ಬಾಣ, ನೊಳಂಬರ ಕಾಲಕ್ಕೇ ಯುರೋಪಿನ ಫ್ರಾಂಕ್ ರಾಜ್ಯದ ಅಂಚುಗಳಲ್ಲೂ ಇಂಥ ಕಾವಲು ನಾಡುಗಳಿದ್ದವು. 778ರಲ್ಲಿ ಪಿರೆನೀಸ್ ಕಣಿವೆಯಲ್ಲಿ ಮಡಿದ ರೋಲಾಂಡ್ ಬ್ರಿಟನಿ ಗಡಿಯ ಅಧಿಕಾರಿ. 801ರಲ್ಲಿ ಫ್ರಾಂಕರು ಗೆದ್ದ ಬಾರ್ಸಿಲೋನ ಸ್ಪೇನ್ ಕಡೆಯ ಕಾವಲು. ಹೋಲಿಕೆ ದೂರದ್ದು, ಅಲ್ಲಿ ರಾಜನೇ ಅಧಿಕಾರಿಯನ್ನು ನೇಮಿಸುತ್ತಿದ್ದ, ಇಲ್ಲಿ ಸ್ಥಳೀಯ ಮನೆತನವನ್ನು ಒಪ್ಪಿಕೊಳ್ಳುತ್ತಿದ್ದರು ಎಂಬ ತಕರಾರು ನ್ಯಾಯವಾದದ್ದೇ. ಆದರೆ ಆ ವ್ಯತ್ಯಾಸ ಬಹಳ ದಿನ ಉಳಿಯಲಿಲ್ಲ. 897ರಲ್ಲಿ ಬಾರ್ಸಿಲೋನದ ಅಧಿಕಾರಿ ವಿಫ್ರೆಡ್ ಸತ್ತಾಗ ಅಧಿಕಾರ ಮಕ್ಕಳಿಗೇ ಹೋಯಿತು. ಒಂದು ಶತಮಾನದಲ್ಲಿ ಅವನ ವಂಶದ ಬೊರೆಲ್ ಫ್ರಾಂಕ್ ದೊರೆಗೆ ತಲೆಬಾಗುವುದನ್ನೇ ಬಿಟ್ಟ. ಗಡಿ ಕಾಯಲು ಸೈನ್ಯ, ಕಂದಾಯ, ತೀರ್ಪಿನ ಹಕ್ಕನ್ನು ಒಬ್ಬನ ಕೈಗಿತ್ತ ಮೇಲೆ ಅವನು ಅರಸನಾಗಲು ಇನ್ನೇನು ಬೇಕು?

ಚೋಳರಿಗೆ ಇದು ಗೊತ್ತಿತ್ತೆಂದೇ ಕಾಣುತ್ತದೆ. 1004ರ ಸುಮಾರಿಗೆ ಗಂಗವಾಡಿ ಗೆದ್ದವರು ಕೋಲಾರ ಸೀಮೆಯನ್ನು ನಿಗರಿಲಿ ಚೋಳ ಮಂಡಲವೆಂದು ಹೆಸರಿಸಿ ತಮ್ಮ ಆಡಳಿತಕ್ಕೇ ಸೇರಿಸಿಕೊಂಡರು. ಆದರೂ ಸುಮಾರು 1116ರಲ್ಲಿ ಅವರನ್ನು ತಲಕಾಡಿನಿಂದ ಹೊರದಬ್ಬಿದ ಹೊಯ್ಸಳರು ಬಂದದ್ದು ಇನ್ನೊಂದು ಅಂಚಿನಿಂದ, ಮಲೆನಾಡಿನ ಸೊಸೆವೂರಿನಿಂದ.