ಡೆಸ್ಕ್‌ಟಾಪ್ ಫೈಲ್‌ಗಳು ಮಾಯವಾದರೆ ವೈರಸ್ಸೇ ಕಾರಣವೇ?

ಒನ್‌ಡ್ರೈವ್ ಬ್ಯಾಕಪ್ ನಿಲ್ಲಿಸಿದ ಕೂಡಲೇ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಖಾಲಿ ಕಂಡರೆ ವೈರಸ್ ಎಂದು ಗಾಬರಿಯಾಗಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ. ಬ್ಯಾಕಪ್ ಎಂದರೆ ನಕಲು ಎಂದುಕೊಳ್ಳುತ್ತೇವೆ. ಆದರೆ ಒನ್‌ಡ್ರೈವ್ ಈ ಫೋಲ್ಡರ್‌ಗಳನ್ನೇ ತನ್ನೊಳಗೆ ಸ್ಥಳಾಂತರಿಸುತ್ತದೆ (ಹೆಸರಿಟ್ಟವರನ್ನೇ ಕೇಳಬೇಕು!). ನಿಲ್ಲಿಸಿದಾಗ ವಿಂಡೋಸ್ ಹಳೆಯ ವಿಳಾಸಕ್ಕೆ ಮರಳುತ್ತದೆ, ಫೈಲ್‌ಗಳು ಅಲ್ಲೇ ಉಳಿದಿರಬಹುದು.

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒನ್‌ಡ್ರೈವ್ ಫೋಲ್ಡರ್‌ನ ಒಳಗಿರುವ ಡೆಸ್ಕ್‌ಟಾಪ್ ತೆರೆದು ನೋಡಿ. ಮೋಡದ ಚಿಹ್ನೆ ಇರುವ ಫೈಲ್‌ಗಳು ಇನ್ನೂ ಇಂಟರ್ನೆಟ್‌ನಲ್ಲೇ ಇವೆ. ರೈಟ್ ಕ್ಲಿಕ್ ಮಾಡಿ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ ಇಳಿಸಿಕೊಳ್ಳಿ. ನಂತರ ಹಳೆಯ ಫೋಲ್ಡರ್‌ಗೆ ಕಾಪಿ ಮಾಡಿ, ಕಟ್ ಬೇಡ. ಉಚಿತ 5 ಜಿಬಿ ತುಂಬಿತೆಂದು ಒನ್‌ಡ್ರೈವ್‌ನಲ್ಲಿ ಅಳಿಸುವ ಮುನ್ನ ನಕಲನ್ನು ತೆರೆದು ನೋಡಿ. ಅಲ್ಲಿ ಅಳಿಸಿದ್ದು ಆ ಖಾತೆ ಸಿಂಕ್ ಆಗುವ ಎಲ್ಲ ಕಂಪ್ಯೂಟರ್‌ಗಳಲ್ಲೂ ಹೋಗುತ್ತದೆ. ಆಗಲೇ ಅಳಿಸಿದ್ದೀರಾ? ಒನ್‌ಡ್ರೈವ್ ವೆಬ್‌ಸೈಟ್‌ನ ರೀಸೈಕಲ್ ಬಿನ್ ನೋಡಿ. ವೈಯಕ್ತಿಕ ಖಾತೆಯಲ್ಲಿ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ.