ಯಾರು ಸಾರ್ ಈ ರೋಸ್ಟರ್?



ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ಪರಿಚಯದವರ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ದಾಗ ಒಬ್ಬ ತಾಯಿ ಬಂದರು. ಅವರ ಮಗಳು ಬೆಂಗಳೂರಲ್ಲಿ ವಿಮಾನ ಕಂಪನಿಯೊಂದರಲ್ಲಿ ಗಗನಸಖಿ. ಊರಿಗೆಲ್ಲ ಹೆಮ್ಮೆ. ಆದರೆ ತಾಯಿ ಮುಖದಲ್ಲಿ ಮಾತ್ರ ಹೆಮ್ಮೆ ಇರಲಿಲ್ಲ, ಸಿಟ್ಟಿತ್ತು.

"ಸಾರ್, ನೀವು ಟಿವಿಯವರು, ನಿಮಗೆ ಗೊತ್ತಿರುತ್ತೆ. ಅಜ್ಜಿ ತಿಥಿಗೆ ಬಾರೇ ಅಂದ್ರೆ, ಇನ್ನೂ ರೋಸ್ಟರ್ ಬಂದಿಲ್ಲಮ್ಮ ಅಂತಾಳೆ. ಆಮೇಲೆ ರೋಸ್ಟರ್ ಬಂತು, ರಜಾ ಇದೆ ಅಂತಾಳೆ. ಇಲ್ಲಿ ಎಲ್ಲ ತಯಾರಿ ಮಾಡ್ಕೊಂಡ್ರೆ, ರೋಸ್ಟರ್ ಚೇಂಜ್ ಆಯ್ತು ಅಂತಾಳೆ. ಯಾರು ಸಾರ್ ಈ ರೋಸ್ಟರ್? ಅವನಿಗೆ ತಾಯಿ ತಂದೆ ಇಲ್ವಾ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಆದರೆ ಬೆಂಗಳೂರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆ ತಲೆಯಲ್ಲೇ ಇತ್ತು. ಯಾರು ಈ ರೋಸ್ಟರ್? ಯಾವ ಹುಡುಗಿ ದುಬೈಗೆ, ಯಾವ ಹುಡುಗ ಹುಬ್ಬಳ್ಳಿಗೆ ಅಂತ ತೀರ್ಮಾನ ಮಾಡೋದು ಯಾರು? ಆ ತೀರ್ಮಾನಕ್ಕೂ ಟಿಕೆಟ್ ತಗೊಂಡು ಸೀಟಲ್ಲಿ ಕೂತ ನಮಗೂ ಏನು ಸಂಬಂಧ?

ಸಂಬಂಧ ಇದೆ ವೀಕ್ಷಕರೇ. ನಮ್ಮ ಪ್ರಾಣದ ಸಂಬಂಧ ಇದೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. ವಿಮಾನದಲ್ಲಿ ಒಂದೇ ಥರ ಸಮವಸ್ತ್ರ ಹಾಕ್ಕೊಂಡು ನಗುನಗುತ್ತಾ ಓಡಾಡುವ ನಾಲ್ಕು ಜನರನ್ನು ನೋಡಿ, ಇವರೆಲ್ಲ ಒಂದೇ ತಂಡ, ದಿನಾ ಜೊತೆಗೇ ಹಾರ್ತಾರೆ ಅಂದ್ಕೊಂಡಿರ್ತೀವಿ. ಸಾಮಾನ್ಯವಾಗಿ ಹಾಗಿಲ್ಲ. ದೊಡ್ಡ ಕಂಪನಿಗಳಲ್ಲಿ ಆ ನಾಲ್ವರು ಅವತ್ತೇ ಮೊದಲ ಸಲ ಭೇಟಿಯಾಗಿರಬಹುದು. ಹಾರಾಟಕ್ಕೆ ಮುಂಚೆ ಬ್ರೀಫಿಂಗ್ ಅಂತ ಒಂದು ಸಣ್ಣ ಸಭೆ ಇರುತ್ತೆ. ಅಲ್ಲಿ ಹೆಸರು ಹೇಳಿಕೊಳ್ತಾರೆ, ಯಾವ ಬಾಗಿಲು ಯಾರ ಜವಾಬ್ದಾರಿ ಅಂತ ಹಂಚಿಕೊಳ್ತಾರೆ, ಹೊರಡ್ತಾರೆ. ಸಂಜೆ ಹೊತ್ತಿಗೆ ತಂಡ ಚದುರಿಹೋಗುತ್ತೆ. ನಾಳೆ ಬೇರೆ ಮುಖಗಳು.

ಹಾಗಾದರೆ ಇವರನ್ನು ಒಟ್ಟು ಸೇರಿಸೋದು ಹೇಗೆ? ಇದನ್ನ ಅರ್ಥ ಮಾಡಿಕೊಳ್ಳೋಕೆ ಏರ್‌ಪೋರ್ಟಿಗೆ ಹೋಗಬೇಕಿಲ್ಲ. ನಮ್ಮ ಕೆಎಸ್‌ಆರ್‌ಟಿಸಿ ಡಿಪೋಗೆ ಹೋದರೆ ಸಾಕು. ರಾತ್ರಿ ಹಳ್ಳಿಗೆ ಬಂದು ನಿಲ್ಲುವ ನೈಟ್ ಹಾಲ್ಟ್ ಬಸ್ ನಿಮಗೆ ಗೊತ್ತು. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಟ್ರಿಪ್ ಹೊಡೆದು, ನಡುವೆ ಎರಡು ಊರು ಸುತ್ತಿ, ಕೊನೆಗೆ ಅದೇ ಡಿಪೋಗೆ ವಾಪಸ್ ಹೋಗಬೇಕು. ಎಲ್ಲಿಂದ ಹೊರಟರೋ ಅಲ್ಲಿಗೇ ಬಂದು ಸೇರೋ ಒಂದು ಸುತ್ತು ಅದು. ವಿಮಾನದ ಲೆಕ್ಕವೂ ಇದೇ. ಅಲ್ಲಿ ಡಿಪೋಗೆ ಬೇಸ್ ಅಂತಾರೆ, ಆ ಸುತ್ತಿಗೆ ಪೇರಿಂಗ್ ಅಂತಾರೆ.

ಉದಾಹರಣೆಗೆ ಬೆಂಗಳೂರು ಬೇಸ್‌ನ ಹುಡುಗಿ ಅಂದ್ಕೊಳ್ಳಿ. ಬೆಂಗಳೂರಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ವಾಪಸ್, ಮತ್ತೆ ಮಂಗಳೂರು, ಮತ್ತೆ ವಾಪಸ್. ನಾಲ್ಕು ಹಾರಾಟ, ಒಂದು ಪೇರಿಂಗ್, ರಾತ್ರಿ ಸ್ವಂತ ರೂಮಲ್ಲಿ ನಿದ್ದೆ. ಇನ್ನೊಬ್ಬಳದು ಬೆಂಗಳೂರಿಂದ ಗುವಾಹಟಿ, ಅಲ್ಲಿ ಹೋಟೆಲಲ್ಲಿ ರಾತ್ರಿ ತಂಗಿ ಮಾರನೇ ದಿನ ವಾಪಸ್. ಈ ತಂಗುವಿಕೆಗೆ ಲೇಓವರ್ ಅಂತಾರೆ. ನಮ್ಮ ನೈಟ್ ಹಾಲ್ಟೇ, ಹೆಸರು ಬೇರೆ ಅಷ್ಟೇ.

ಕಂಪನಿ ಮೊದಲು ಯಾವ ವಿಮಾನ ಯಾವಾಗ ಎಲ್ಲಿಗೆ ಅಂತ ವೇಳಾಪಟ್ಟಿ ಮಾಡುತ್ತೆ. ಆಮೇಲೆ ಆ ಹಾರಾಟಗಳನ್ನೆಲ್ಲ ಕತ್ತರಿಸಿ, ಜೋಡಿಸಿ ಇಂಥ ಸುತ್ತುಗಳನ್ನು ಮಾಡುತ್ತೆ. ಇಷ್ಟರಲ್ಲಿ ಒಬ್ಬರ ಹೆಸರೂ ಬಂದಿರೋದಿಲ್ಲ, ಬರೀ ಸುತ್ತುಗಳು. ಮೂರನೇ ಹಂತದಲ್ಲಿ ಒಂದೊಂದು ಸುತ್ತಿಗೂ ಮನುಷ್ಯರ ಹೆಸರು ಬೀಳುತ್ತೆ. ಅದೇ ರೋಸ್ಟರ್. ಸಾವಿರಾರು ಜನ, ಸಾವಿರಾರು ಹಾರಾಟ. ಕೈಯಲ್ಲಿ ಕೂತು ಬರೆಯೋಕೆ ಆಗಲ್ಲ, ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಹಾಗಂತ ಕಂಪ್ಯೂಟರ್ ತನಗೆ ಇಷ್ಟ ಬಂದ ಹಾಗೆ ಹೆಸರು ಹಾಕೋಕೂ ಆಗಲ್ಲ. ಅದಕ್ಕೆ ಕೆಲವು ಕಟ್ಟುಪಾಡುಗಳಿವೆ.

ಮೊದಲನೆಯದು ಬೇಸ್. ಬೆಂಗಳೂರು ಬೇಸ್‌ನವರಿಗೆ ಬೆಂಗಳೂರಿಂದ ಶುರುವಾಗೋ ಸುತ್ತು. ದೆಹಲಿಯಿಂದ ಶುರುವಾಗೋ ಹಾರಾಟಕ್ಕೆ ಇವರೇ ಬೇಕಾದರೆ, ಪ್ರಯಾಣಿಕರ ಹಾಗೆ ಸೀಟಲ್ಲಿ ಕೂರಿಸಿ ಅಲ್ಲಿಗೆ ಸಾಗಿಸಬೇಕು. ಆ ಸೀಟು ಕಂಪನಿಗೆ ನಷ್ಟ.

ಎರಡನೆಯದು ವಿಮಾನದ ಮಾದರಿ. ಏರ್‌ಬಸ್ ಬಾಗಿಲು ಬೇರೆ, ಬೋಯಿಂಗ್ ಬಾಗಿಲು ಬೇರೆ, ಎಟಿಆರ್ ಬಾಗಿಲು ಬೇರೆ. ತರಬೇತಿ ಪಡೆಯದ ಮಾದರಿಗೆ ಹತ್ತೋ ಹಾಗಿಲ್ಲ.

ಮೂರನೆಯದು ತಲೆ ಲೆಕ್ಕ. ಹೆಚ್ಚುಕಡಿಮೆ 50 ಸೀಟಿಗೆ ಒಬ್ಬ ಸಿಬ್ಬಂದಿ. 78 ಸೀಟಿನ ಎಟಿಆರ್‌ಗೆ ಇಬ್ಬರು, 180 ಸೀಟಿನ ಏರ್‌ಬಸ್‌ಗೆ ನಾಲ್ವರು. ಈ ನಾಲ್ವರು ಕಾಫಿ ಕೊಡೋಕೆ ಅಂತ ಬಂದವರಲ್ಲ ವೀಕ್ಷಕರೇ. ಒಂದು ಮಾದರಿಯ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅರ್ಧ ಬಾಗಿಲು ಮುಚ್ಚಿದ್ದರೂ 90 ಸೆಕೆಂಡಿನೊಳಗೆ ಎಲ್ಲರನ್ನೂ ಹೊರಗೆ ಕಳಿಸಬಹುದು ಅಂತ ತೋರಿಸಬೇಕು. ಆ 90 ಸೆಕೆಂಡಿಗಾಗಿ ಇರೋರು ಇವರು. ಹಾಗಾಗಿ ನಾಲ್ವರಲ್ಲಿ ಒಬ್ಬಳು ಬರಲಿಲ್ಲ ಅಂದ್ರೆ, ಮೂರೇ ಜನ ಸಾಕು, ಹೊರಡಿ ಅನ್ನೋ ಹಾಗಿಲ್ಲ. ಬದಲಿಗೆ ಒಬ್ಬರು ಬರೋವರೆಗೂ ಕಾಯಬೇಕು. ಅದಕ್ಕೇ ಕೆಲವರನ್ನು ಸ್ಟ್ಯಾಂಡ್‌ಬೈ ಅಂತ ಇಟ್ಟಿರ್ತಾರೆ. ಸಮವಸ್ತ್ರ ಇಸ್ತ್ರಿ ಮಾಡಿಟ್ಟು, ಫೋನ್ ಪಕ್ಕದಲ್ಲಿಟ್ಟುಕೊಂಡು ಕಾಯೋ ಡ್ಯೂಟಿ. ಫೋನ್ ಬಂದರೆ ಯಾವ ಊರಾದರೂ ಸರಿ, ಹೊರಡಬೇಕು. ಮಾದಿಹಳ್ಳಿಯ ಆ ತಾಯಿಗೆ ಮಗಳು ಹೇಳುವ "ಚೇಂಜ್ ಆಯ್ತಮ್ಮ" ಎಷ್ಟೋ ಸಲ ಇಲ್ಲಿಂದ ಬರುತ್ತೆ.

ಇನ್ನು ಹೊರದೇಶದ ಮಾರ್ಗಗಳಿಗೆ ಪಾಸ್‌ಪೋರ್ಟ್, ವೀಸಾ ನೋಡ್ತಾರೆ. ಕೆಲವು ಕಂಪನಿಗಳು ಆ ಊರಿನ ಭಾಷೆ ಬಲ್ಲವರನ್ನೂ ನೋಡ್ತವೆ. ಹೊಸಬರ ಜೊತೆ ಅನುಭವ ಇರೋರನ್ನ ಸೇರಿಸ್ತಾರೆ. ಇಂಥ ದಿನ ರಜೆ ಬೇಕು ಅಂತ ಮುಂಚಿತವಾಗಿ ಕೇಳಿಕೊಳ್ಳೋಕೆ ಅವಕಾಶ ಇರೋ ಕಡೆ ಅದನ್ನೂ ನೋಡ್ತಾರೆ. ಕೇಳಿದ್ದೆಲ್ಲ ಸಿಗುತ್ತೆ ಅಂತಿಲ್ಲ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ನಿದ್ದೆ.

ಹೌದು, ನಿದ್ದೆ. ಒಬ್ಬ ಸಿಬ್ಬಂದಿ ಎಷ್ಟು ಗಂಟೆ ಹಾರಬಹುದು, ಎಷ್ಟು ಗಂಟೆ ಕೆಲಸದಲ್ಲಿರಬಹುದು, ಎರಡು ಡ್ಯೂಟಿ ನಡುವೆ ಎಷ್ಟು ವಿಶ್ರಾಂತಿ ಕೊಡಬೇಕು ಅನ್ನೋದನ್ನು ಕಂಪನಿ ತೀರ್ಮಾನಿಸೋದಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ, ನಿಯಮ ಮಾಡಿದೆ. ವರ್ಷಕ್ಕೆ ಹಾರಾಟ 1000 ಗಂಟೆ ಮೀರಬಾರದು. ಅಷ್ಟೇನಾ ಅಂತ ಮೂಗು ಮುರಿಯಬೇಡಿ. ಹಾರಾಟದ ಗಂಟೆ ಬೇರೆ, ಡ್ಯೂಟಿ ಗಂಟೆ ಬೇರೆ. ಡ್ಯೂಟಿ ಶುರುವಾಗೋದು ವರದಿ ಮಾಡಿಕೊಂಡ ಹೊತ್ತಿಂದ. ನಡುವೆ ಕಾಯೋದೂ ಡ್ಯೂಟಿಯೇ. ಆದರೆ ಸಂಬಳದ ಜೊತೆ ಸಿಗುವ ಭತ್ಯೆಯ ದೊಡ್ಡ ಪಾಲು ಬಹಳ ಕಡೆ ಹಾರಾಟದ ಗಂಟೆಗೆ ಮಾತ್ರ. ಯಾವ ಮಾರ್ಗ ಬಿತ್ತು ಅನ್ನೋದು ಆ ಹುಡುಗಿಯ ನಿದ್ದೆಯನ್ನೂ ಜೇಬನ್ನೂ ಎರಡನ್ನೂ ತೀರ್ಮಾನಿಸುತ್ತೆ.

ಈ ನಿದ್ದೆಯ ವಿಷಯವನ್ನ ಕರ್ನಾಟಕದಲ್ಲಿ ಹೇಳುವಾಗ ಒಂದು ದಿನ ನೆನಪಾಗಲೇಬೇಕು. 2010ರ ಮೇ 22.

ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನ. ಹಿಂದಿನ ರಾತ್ರಿ ಮಂಗಳೂರಿಂದ ದುಬೈಗೆ ಹೋದ ಅದೇ ಸಿಬ್ಬಂದಿ, ಅದೇ ರಾತ್ರಿ ದುಬೈನಿಂದ ಮಂಗಳೂರಿಗೆ ವಾಪಸ್. ಇಬ್ಬರು ಪೈಲಟ್, ನಾಲ್ವರು ಕ್ಯಾಬಿನ್ ಸಿಬ್ಬಂದಿ, 160 ಪ್ರಯಾಣಿಕರು. ಬೆಳಿಗ್ಗೆ ಆರು ಗಂಟೆ ಸುಮಾರಿಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮುಟ್ಟಿದ ವಿಮಾನ ನಿಲ್ಲಲಿಲ್ಲ, ಕಣಿವೆಗೆ ಬಿತ್ತು. 158 ಜನ ಸತ್ತರು. ಬದುಕಿದ್ದು ಎಂಟೇ ಜನ. ಆ ಆರು ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಏನು ಹೇಳಿತು? ವಿಮಾನ ಸರಿಯಾದ ಎತ್ತರದಲ್ಲಿಲ್ಲ ಅಂತ ಗೊತ್ತಿದ್ದೂ, ಸಹಪೈಲಟ್ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸೋಕೆ ಹೋಗಿದ್ದೇ ನೇರ ಕಾರಣ. ಜೊತೆಗೆ ಇನ್ನೊಂದು ಮಾತಿತ್ತು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಗೊರಕೆ ಕೇಳಿಸಿತ್ತು. ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿ ಇಳಿಯೋಕೆ ಸ್ವಲ್ಪ ಮುಂಚೆ ಎದ್ದಿದ್ದರು. ನಿದ್ದೆಯಿಂದ ಎದ್ದ ಮಂಪರು ಅವರ ತೀರ್ಮಾನವನ್ನ ಕೆಡಿಸಿರಬಹುದು ಅಂತ ತನಿಖೆ ಗುರುತಿಸಿತು. ಬೆಳಗಿನ ಜಾವ ಮನುಷ್ಯನ ದೇಹ ಅತ್ಯಂತ ಮಂಕಾಗಿರೋ ಹೊತ್ತು. ಸುಗ್ಗಿಯಲ್ಲಿ ರಾತ್ರಿ ಕಣ ಕಾದವರಿಗೆ ಇದನ್ನ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇಂಥ ರಾತ್ರಿ ಹೋಗಿ ಬೆಳಿಗ್ಗೆ ಬರೋ ಸುತ್ತುಗಳು ಯಾಕೆ ಬೇಕು? ಹೊರಗೆ ತಂಗಿಸಿದರೆ ಹೋಟೆಲ್ ಖರ್ಚು. ನೆಲದ ಮೇಲೆ ನಿಂತ ವಿಮಾನ ದುಡಿಯಲ್ಲ. ಇದು ಕಡಿಮೆ ದರದ ವಿಮಾನಗಳ ಲೆಕ್ಕಾಚಾರ. ಈ ಲೆಕ್ಕಾಚಾರವನ್ನು ಭಾರತಕ್ಕೆ ತಂದವರು ಯಾರು? ನಮ್ಮ ಹಾಸನ ಜಿಲ್ಲೆಯವರೇ! ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಸೇನೆ ಬಿಟ್ಟು ಬಂದು ಅವರು ಕೃಷಿ ಮಾಡಿದ್ದು ಹಳೇಬೀಡು ದಾಟಿದರೆ ಸಿಗುವ ಜಾವಗಲ್ ಸೀಮೆಯಲ್ಲಿ. 2003ರಲ್ಲಿ ಅವರ ಏರ್ ಡೆಕ್ಕನ್ ಶುರುವಾಯಿತು. ಚಪ್ಪಲಿ ಹಾಕಿದವನೂ ವಿಮಾನ ಹತ್ತಿದ. ಮಾದಿಹಳ್ಳಿಯ ಹುಡುಗಿಗೆ ಇವತ್ತು ಈ ಕೆಲಸ ಸಿಕ್ಕಿದೆ ಅಂದ್ರೆ ಅದರ ಹಿಂದೆ ಆ ಕ್ರಾಂತಿಯ ಪಾಲೂ ಇದೆ. ನಾನು ಕಡಿಮೆ ದರದ ವಿರೋಧಿ ಅಲ್ಲ. ದರ ಕಡಿಮೆ ಆಗಲಿ, ನಿದ್ದೆ ಕಡಿಮೆ ಆಗಬಾರದು. ಇಷ್ಟೇ ನನ್ನ ವಾದ.

ಇದಕ್ಕೇ ಡಿಜಿಸಿಎ ಪೈಲಟ್‌ಗಳ ನಿಯಮ ಬಿಗಿ ಮಾಡಿತು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 2025ರ ಜುಲೈನಿಂದ 48 ಗಂಟೆ. ನವೆಂಬರ್‌ನಿಂದ ರಾತ್ರಿ ಹೊತ್ತಿನ ಲ್ಯಾಂಡಿಂಗ್ ಆರರಿಂದ ಎರಡಕ್ಕೆ. ಇದೆಲ್ಲ ಬರುತ್ತೆ ಅಂತ 2024ರ ಜನವರಿಯಲ್ಲೇ ಹೇಳಿಯಾಗಿತ್ತು. ಡಿಸೆಂಬರ್ ಮೊದಲ ವಾರ ಏನಾಯ್ತು? ನೀವೇ ನೋಡಿದ್ರಿ. ದೇಶದ ಅತಿ ದೊಡ್ಡ ಕಂಪನಿ ಇಂಡಿಗೋದ ರೋಸ್ಟರ್ ಕುಸಿದು ಬಿತ್ತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್‌ಗಳ ರಾಶಿ. ವಿಮಾನಗಳು ಇದ್ದವು, ಇಂಧನ ಇತ್ತು, ಪ್ರಯಾಣಿಕರೂ ಇದ್ದರು. ನಿಯಮದ ಪ್ರಕಾರ ಹಾರಬಹುದಾದ, ನಿದ್ದೆ ಮಾಡಿ ಬಂದ ಪೈಲಟ್‌ಗಳು ಸಾಕಷ್ಟು ಇರಲಿಲ್ಲ. ಆಗ ಏನು ಮಾಡಿದರು? ಆ ಕಂಪನಿಗೆ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟರು!

ಇನ್ನು ಟ್ರಾಲಿ ತಳ್ಳುವವರ ಮಾತು. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೂರಾರು ಕ್ಯಾಬಿನ್ ಸಿಬ್ಬಂದಿ ಒಟ್ಟಿಗೇ ಹುಷಾರಿಲ್ಲ ಅಂತ ರಜೆ ಹಾಕಿದರು. ಹತ್ತಾರು ಹಾರಾಟ ರದ್ದಾದವು. ಕಂಪನಿ 25 ಜನರನ್ನು ಕೆಲಸದಿಂದ ತೆಗೆಯಿತು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆಯಾಗಿ ಅವರನ್ನ ವಾಪಸ್ ತಗೊಂಡರು. ಜನ ಪರದಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವತ್ತು ಗೊತ್ತಾಯ್ತಲ್ಲ, ಪೈಲಟ್ ಇದ್ದರಷ್ಟೇ ವಿಮಾನ ಹಾರಲ್ಲ ಅಂತ.

ಮಾದಿಹಳ್ಳಿಯ ಆ ತಾಯಿಗೆ ಈಗ ಉತ್ತರ ಹೇಳ್ತೀನಿ. ಅಮ್ಮಾ, ರೋಸ್ಟರ್ ಅಂದ್ರೆ ಒಬ್ಬ ಮನುಷ್ಯ ಅಲ್ಲ. ಅದೊಂದು ಲೆಕ್ಕ. ಒಂದು ಕಡೆ ಕಂಪನಿಯ ಖರ್ಚು, ಇನ್ನೊಂದು ಕಡೆ ನಿಮ್ಮ ಮಗಳ ನಿದ್ದೆ, ನಡುವೆ ಸರ್ಕಾರದ ನಿಯಮ. ಅಜ್ಜಿ ತಿಥಿಯ ತಾರೀಖು ಎರಡು ತಿಂಗಳು ಮುಂಚೆಯೇ ಮಗಳಿಗೆ ಹೇಳಿ, ರೋಸ್ಟರ್ ಆಗೋಕೆ ಮುಂಚೆ ಅರ್ಜಿ ಹಾಕಲಿ. ಅವಳು ರಾತ್ರಿ ಡ್ಯೂಟಿ ಮುಗಿಸಿ ಮಲಗಿದಾಗ ಫೋನ್ ಎತ್ತಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಅವಳು ಮಲಗಿದ್ದರೆ ನಾಳೆ 180 ಜನ ಸುರಕ್ಷಿತ.

ಈ ಕೆಲಸಕ್ಕೆ ಮಕ್ಕಳನ್ನ ಕಳಿಸಬೇಕು ಅಂದ್ಕೊಂಡಿರೋ ಅಪ್ಪ ಅಮ್ಮಂದಿರು ಬರೀ ಸಂಬಳ ಎಷ್ಟು ಅಂತ ಕೇಳಬೇಡಿ. ಬೇಸ್ ಯಾವುದು, ಖಾಯಂ ಸಂಬಳ ಎಷ್ಟು, ಹಾರಾಟದ ಭತ್ಯೆ ಎಷ್ಟು, ಸ್ಟ್ಯಾಂಡ್‌ಬೈ ದಿನಕ್ಕೆ ಏನು ಕೊಡ್ತಾರೆ, ಇದನ್ನೆಲ್ಲ ಕೇಳಿ.

ನಮಗೂ ಒಂದು ಮಾತು. ಮುಂದಿನ ಸಲ ಸಿಬ್ಬಂದಿ ಇಲ್ಲದೆ ವಿಮಾನ ತಡ ಅಂತ ಹೇಳಿದಾಗ, ಕೌಂಟರ್‌ನಲ್ಲಿ ನಿಂತ ಹುಡುಗಿ ಮೇಲೆ ಕೂಗಾಡಬೇಡಿ. ಸಿಬ್ಬಂದಿ ಯಾಕಿಲ್ಲ ಅಂತ ಕಂಪನಿಯನ್ನ ಕೇಳಿ, ಸರ್ಕಾರವನ್ನ ಕೇಳಿ. ನಿದ್ದೆ ಮಾಡಿದ ಸಿಬ್ಬಂದಿಗಾಗಿ ಎರಡು ಗಂಟೆ ಕಾಯೋದು, ನಿದ್ದೆಗೆಟ್ಟ ಸಿಬ್ಬಂದಿ ಜೊತೆ ಸರಿಯಾದ ಟೈಮಿಗೆ ಹೊರಡೋದು. ಎರಡರಲ್ಲಿ ನಿಮಗೆ ಯಾವುದು ಬೇಕು?

ಯೋಚನೆ ಮಾಡಿ.